ಬೀಗಿತ್ತಿಗೆ ಚುಕ್ಕಿ ತೋರಿಸಿದ್ದು

ವಿಜಯಲಕ್ಷ್ಮೀ ತನ್ನ ಐವತ್ತೈದು ವರ್ಷದ ಬಾಳಿನಲ್ಲಿ ಯಾರಿಗೂ ಧಮಕಿ ಹಾಕಿದವಳಲ್ಲ. ಹಾಕಿದ್ದು ಒಂದೇ ಸಲ. ಅದೂ ಹೋಗಿ ಹೋಗಿ ಬೀಗಿತ್ತಿಗೆ, ಅದೂ ಮಗಳು ಏಳು ತಿಂಗಳ ಬಸುರಿಯಾಗಿರುವಾಗ, ಅದೂ ತಾನು ಹಾಕುತ್ತಿರುವುದು ಧಮಕಿ ಎಂಬುದು ತನಗೇ ಗೊತ್ತಿಲ್ಲದೆ.

ಹುಬ್ಬಳ್ಳಿಯ ಹೆಣ್ಣುಮಗಳು, ಬ್ಯಾಂಕಿನ ಅಧಿಕಾರಿ. ಗಂಡ ತೀರಿಕೊಂಡ ಮೇಲೆ ಮಗಳು ಹರಿಣಿಯೊಬ್ಬಳೇ ಅವಳ ಪಾಲಿಗೆ ಉಳಿದದ್ದು. ಏಳು ವರ್ಷದ ಹಿಂದೆ ವಿಜಯವಾಡಕ್ಕೆ ವರ್ಗವಾದಾಗ ಮಗಳನ್ನು ಕಟ್ಟಿಕೊಂಡು ಅಲ್ಲಿಗೆ ಹೋದಳು. ಹರಿಣಿ ಅಲ್ಲಿ ಫಾರ್ಮಸಿ ಓದಿದಳು, ಓದುತ್ತ ಓದುತ್ತ ಭವಾನಿಪುರಂನ ಬಾಬ್ಜಿಯನ್ನು ಮೆಚ್ಚಿಕೊಂಡಳು. ಹುಡುಗ ಅಪ್ಪಟ ಚಿನ್ನ, ಅವನ ತಾಯಿ ಲಕ್ಷ್ಮೀಕಾಂತಮ್ಮನವರೂ ಮರ್ಯಾದಸ್ಥರು, ತಕರಾರೆತ್ತಲು ಏನೂ ಇರಲಿಲ್ಲ. ಮದುವೆಯಾಗಿ ಮೂರು ತಿಂಗಳಿಗೆ ವಿಜಯಲಕ್ಷ್ಮೀಗೆ ಮತ್ತೆ ವರ್ಗ, ಈ ಸಲ ವಿಶಾಖಪಟ್ಟಣದ ಗಾಜುವಾಕಕ್ಕೆ. ಮಗಳು ಆ ಊರಿನಲ್ಲಿ, ತಾಯಿ ಈ ಊರಿನ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ.

ಇಷ್ಟು ವರ್ಷ ಆಂಧ್ರದಲ್ಲಿದ್ದರೂ ಅವಳಿಗೆ ಬಂದ ತೆಲುಗು ಕೌಂಟರ್ ತೆಲುಗು. ಸಹಿ ಇಲ್ಲಿ ಹಾಕಿ, ಆಧಾರ್ ತಂದಿದ್ದೀರಾ, ನಾಳೆ ಬನ್ನಿ, ಮೆಷಿನ್ ಕೆಟ್ಟಿದೆ. ಇಷ್ಟರಲ್ಲಿ ಬ್ಯಾಂಕು ನಡೆಯುತ್ತದೆ, ಬೀಗತನ ನಡೆಯುತ್ತದೆಯೇ? ಬಾಕಿ ಎಲ್ಲವನ್ನೂ ಅವಳು ಕನ್ನಡಕ್ಕೆ ಒಂದು 'ಲು', ಒಂದು 'ಅಂಡಿ' ಹಚ್ಚಿ ಸಾಗಿಸುತ್ತಿದ್ದಳು. ಮುಕ್ಕಾಲು ಪಾಲು ಮಾತು ಹಾಗೆಯೇ ದಾಟಿಬಿಡುತ್ತಿತ್ತು, ಅದೇ ಅವಳಿಗೆ ಮುಳುವಾಯಿತು.

ಇನ್ನು ಚುಕ್ಕಿಗಳ ಹುಚ್ಚು ಹಿಡಿದ ಕಥೆ. ಗಾಜುವಾಕದಲ್ಲಿ ಆಕಾಶ ಎಂಬುದು ಹೆಸರಿಗೆ ಮಾತ್ರ. ಉಕ್ಕಿನ ಕಾರ್ಖಾನೆಯ ಬೆಳಕು, ಬಂದರಿನ ಬೆಳಕು ಸೇರಿ ಕತ್ತಲಾದರೂ ಮೇಲೆಲ್ಲ ಕೆಂಪು. ಒಂದು ಶನಿವಾರ ಬ್ಯಾಂಕಿನ ಕ್ಯಾಷಿಯರ್ ಉಷಶ್ರೀ, ತನ್ನ ಮಗಳ ಶಾಲೆಯ ಪ್ರಾಜೆಕ್ಟಿಗೆಂದು ಊರಾಚೆ ಗುಡ್ಡದ ಮೇಲಿದ್ದ ವೀಕ್ಷಣಾಲಯಕ್ಕೆ ಹೊರಟವಳು, ನೀವೂ ಬನ್ನಿ ಮೇಡಂ ಎಂದು ಎಳೆದುಕೊಂಡು ಹೋದಳು. ತಿಂಗಳಿಗೊಮ್ಮೆ ಅಲ್ಲಿ ಸಾರ್ವಜನಿಕರಿಗೆ ದೂರದರ್ಶಕ ತೆರೆದಿಡುತ್ತಿದ್ದರು. ಮಕ್ಕಳ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ, ನೋಡಿದರೆಷ್ಟು ಬಿಟ್ಟರೆಷ್ಟು ಎಂಬಂತೆ ಬಗ್ಗಿ ಕಣ್ಣಿಟ್ಟಳು. ಚಂದ್ರ ಇಷ್ಟು ಹತ್ತಿರ ಬಂದು ನಿಂತಿದ್ದ. ಅವನ ಮೈಯ ಹಳ್ಳ ಕೊಳ್ಳ, ಗುಡ್ಡದ ಆ ಬದಿಗೆ ಬಿದ್ದ ನೆರಳು, ಎಲ್ಲ ಕೈಗೆ ಎಟುಕುವ ಹಾಗೆ. ಹಿಂದಿದ್ದ ಮಗು "ಆಂಟಿ, ಜರಗಂಡಿ" ಎಂದು ಸೀರೆ ಜಗ್ಗಿದಾಗಲೇ ಎಚ್ಚರ.

ಅಂದಿನಿಂದ ಒಂದು ತಿಂಗಳೂ ತಪ್ಪಿಸಲಿಲ್ಲ. ಎರಡು ಬಸ್ಸು ಬದಲಿಸಿ, ಶಾಲು ಹೊದ್ದು, ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ ಇಟ್ಟುಕೊಂಡು ಹೋಗುವಳು. ಅಲ್ಲಿ ತೋರಿಸುತ್ತಿದ್ದವರು ಉಮಾಪತಿ ಎಂಬ ನಿವೃತ್ತ ಉಪನ್ಯಾಸಕರು. ಇದೇ ಊರಿನ ಡಾಬಾಗಾರ್ಡನ್ಸ್‌ನಲ್ಲಿ ಬ್ರಿಟಿಷರ ಕಾಲದಲ್ಲೇ ಒಬ್ಬ ಜಮೀನ್ದಾರರು ಸ್ವಂತ ಖರ್ಚಿನಲ್ಲಿ ವೀಕ್ಷಣಾಲಯ ಕಟ್ಟಿಸಿದ್ದರಂತೆ ಎಂದು ಅವರು ಪ್ರತಿ ಸಲ ಹೇಳುವರು, ಅವಳು ಪ್ರತಿ ಸಲ ಹೊಸದಾಗಿ ಹಿಗ್ಗುವಳು. ಗುರುವಿನ ನಾಲ್ಕು ಚಂದ್ರರನ್ನು ನೋಡಿದಳು. ಉಂಗುರ ತೊಟ್ಟ ಶನಿಯನ್ನು ನೋಡಿದಳು, ನೋಡಿ ಆ ದಿನ ಬಸ್ಸಿನಲ್ಲಿ ತನ್ನಷ್ಟಕ್ಕೆ ನಗುತ್ತ ಬಂದಳು. ಕಂಡವರಿಗೆಲ್ಲ ಹೇಳಿದಳು. ಹೇಳುವುದಕ್ಕೆ ಯಾರೂ ಸಿಗದ ದಿನ ಮಗಳಿಗೆ ಫೋನು.

ಹೀಗಿರುವಾಗ ಹರಿಣಿ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅದು ಹುಬ್ಬಳ್ಳಿಯಲ್ಲೂ ಹಾಗೆಯೇ, ವಿಜಯವಾಡದಲ್ಲೂ ಹಾಗೆಯೇ. ಆದರೆ ಅತ್ತೆ ಮನಸ್ಸಿಟ್ಟು ಕಳಿಸಿಕೊಡಬೇಕಲ್ಲ. ವಿಜಯಲಕ್ಷ್ಮೀಗೆ ಬೇರೆ ಯಾವ ಆಸೆಯೂ ಇರಲಿಲ್ಲ, ಇದೊಂದು ಮಾತ್ರ ಮನಸ್ಸಿನಲ್ಲಿ ಕೂತಿತ್ತು: ಮಗಳು ತನ್ನ ಮನೆಗೆ ಬರಬೇಕು, ಮಗು ತನ್ನ ಕೈಯಲ್ಲಿ ಕಣ್ಣು ಬಿಡಬೇಕು. ಒಂದು ಗುರುವಾರ ಸಂಜೆ ಧೈರ್ಯ ಮಾಡಿ ಲಕ್ಷ್ಮೀಕಾಂತಮ್ಮನವರಿಗೆ ಫೋನು ಹಚ್ಚಿದಳು. ಅವರು ಸ್ಪೀಕರಿನಲ್ಲಿಟ್ಟಿದ್ದರು. ಸುತ್ತ ನಾದಿನಿಯರು, ಓರಗಿತ್ತಿಯರು ಕೂತಿದ್ದರೆಂದು ಇವಳಿಗೇನು ಗೊತ್ತು?

"ಕಳಿಸೋದಕ್ಕೇನು ವದಿನಗಾರೂ," ಎಂದರು ಅವರು. ಬೀಗಿತ್ತಿಯರು ಒಬ್ಬರನ್ನೊಬ್ಬರು ಅತ್ತಿಗೆ ಎಂದೇ ಕರೆಯುವುದು ಅಲ್ಲಿಯ ರೂಢಿ. "ನೀವು ಬೆಳಗ್ಗೆ ಬ್ಯಾಂಕಿಗೆ ಹೋದರೆ ಸಂಜೆ ಬರೋದು. ಮಧ್ಯೆ ಹುಡುಗೀನ ಯಾರು ನೋಡಿಕೊಳ್ತಾರೆ? ನಿಮ್ಮ ಊರಲ್ಲಿ ನಿಮಗೆ ಯಾರಿದ್ದಾರೆ?"

ಮಾತು ಒಲ್ಲೆಯ ಕಡೆ ವಾಲುತ್ತಿದೆ ಎಂದು ವಿಜಯಲಕ್ಷ್ಮೀಗೆ ಗೊತ್ತಾಯಿತು. ಏನಾದರೂ ಸಿಹಿ ಮಾತಾಡಿ ಒಲಿಸಬೇಕು. ನಿಮ್ಮನ್ನೂ ಕರೆದುಕೊಂಡು ಹೋಗಿ ಆಕಾಶ ತೋರಿಸುತ್ತೇನೆ ಎಂದರೆ ಯಾರಿಗೆ ತಾನೆ ಖುಷಿಯಾಗುವುದಿಲ್ಲ? ಕನ್ನಡದ 'ಚುಕ್ಕಿ', ತೆಲುಗಿನ 'ಚುಕ್ಕ', ಎರಡೂ ಒಂದೇ, ಅಷ್ಟು ಅವಳಿಗೆ ಖಚಿತವಾಗಿ ಗೊತ್ತಿತ್ತು. ಸ್ಪಷ್ಟವಾಗಿ, ಗಟ್ಟಿ ದನಿಯಲ್ಲಿ ಹೇಳಿದಳು: "ಮೀರು ಒಕ್ಕಸಾರಿ ವೈಜಾಗ್ ವಸ್ತೇ, ಮೀಕು ಚುಕ್ಕಲು ಚೂಪಿಸ್ತಾನು." ನೀವು ಒಂದು ಸಲ ವೈಜಾಗಿಗೆ ಬಂದರೆ, ನಿಮಗೆ ಚುಕ್ಕಿ ತೋರಿಸುತ್ತೇನೆ.

ಆ ಕಡೆ ಸದ್ದಡಗಿತು. ಸ್ವಲ್ಪ ಹೊತ್ತಿಗೆ ಲಕ್ಷ್ಮೀಕಾಂತಮ್ಮನವರು "ಸರೇ" ಎಂದು ಫೋನಿಟ್ಟರು. ಪಾಪ, ಮಾತೇ ಹೊರಡಲಿಲ್ಲ ಅವರಿಗೆ, ಎಷ್ಟು ಖುಷಿಯಾಯಿತೋ ಎಂದು ಈ ಮಹಾರಾಯಿತಿ ಆ ದಿನ ನೆಮ್ಮದಿಯಾಗಿ ಉಂಡು ಮಲಗಿದಳು.

ಮರುದಿನ ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಇದನ್ನೆಲ್ಲ ಉಷಶ್ರೀಗೆ ಹೇಳಿದಳು. ಉಷಶ್ರೀಯ ಮೊಸರನ್ನ ಗಂಟಲಲ್ಲೇ ಸಿಕ್ಕಿಕೊಂಡಿತು. ಕೆಮ್ಮಿದಳು, ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ವಿಜಯಲಕ್ಷ್ಮೀಯ ಮುಖ ನೋಡಿ ನಗು ನಿಲ್ಲಿಸಿದಳು.

"ಮೇಡಂ, ನಮ್ಮಲ್ಲಿ 'ಚುಕ್ಕಲು ಚೂಪಿಸ್ತಾನು' ಅಂದ್ರೆ ನಿನಗೆ ಬುದ್ಧಿ ಕಲಿಸ್ತೀನಿ ಅಂತ. ಹಣ್ಣುಗಾಯಿ ನೀರುಗಾಯಿ ಮಾಡ್ತೀನಿ ಅಂತ. ಜಗಳದಲ್ಲಿ ಅನ್ನೋ ಮಾತು ಅದು. ಅದೂ ನೀವು 'ವೈಜಾಗಿಗೆ ಬಂದರೆ' ಅಂತ ಬೇರೆ ಹೇಳಿದ್ದೀರಿ. ನಮ್ಮ ಏರಿಯಾಕ್ಕೆ ಬಾ, ನೋಡ್ಕೋತೀನಿ ಅಂದ ಹಾಗಾಯ್ತು."

ವಿಜಯಲಕ್ಷ್ಮೀ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಇಟ್ಟಳು. ಸಂಜೆ ಹರಿಣಿಯ ಫೋನು ಬಂತು.

"ಅವ್ವಾ, ಏನಂದಿ ನೀ ನಮ್ಮ ಅತ್ತಿಯವರಿಗೆ?"

"ಚುಕ್ಕಿ ತೋರಸ್ತೀನಿ ಅಂದ್ನೆವಾ. ಖರೇ ಚುಕ್ಕಿ. ಮ್ಯಾಲಿರೂವು."

"ನನಗ ಗೊತ್ತೈತಿ ಅವ್ವಾ. ನಾ ಹೇಳಿದೆ, ಬಾಬ್ಜೀನೂ ಹೇಳಿದ. ಅತ್ತಿ ಕೇಳವಲ್ರು. ನಾದಿನಿಯರ ಮುಂದ ಅವರಿಗೆ ಭಾಳ ಅವಮಾನ ಆಗೇತಿ. ಸೀಮಂತಾನೂ ಇಲ್ಲೇ, ಹೆರಿಗಿನೂ ಇಲ್ಲೇ ಅಂದುಬಿಟ್ಟಾರ. ನನಗ ನಿನ್ನ ಹಂತ್ಯಾಕ ಬರಬೇಕು ಅವ್ವಾ."

ಮಗಳ ಆ ಕೊನೆಯ ಮಾತು ಕೇಳಿ ವಿಜಯಲಕ್ಷ್ಮೀ ಮೂರು ಸಲ ಬೀಗಿತ್ತಿಗೆ ಫೋನು ಮಾಡಿದಳು. ಮೂರು ಸಲವೂ ಅವರು ಪೂಜೆಯಲ್ಲಿದ್ದರು. ಇಷ್ಟೊಂದು ಪೂಜೆ ಯಾವ ದೇವರೂ ಬೇಡುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಎರಡನೇ ಶನಿವಾರ ಬ್ಯಾಂಕಿಗೆ ರಜೆ. ಬೆಳಗಿನ ರೈಲು ಹತ್ತಿ ವಿಜಯವಾಡಕ್ಕೆ ಹೊರಟೇಬಿಟ್ಟಳು. ದಾರಿಯುದ್ದಕ್ಕೂ ತಪ್ಪೊಪ್ಪಿಗೆಯನ್ನು ತೆಲುಗಿನಲ್ಲಿ ಬಾಯಿಪಾಠ ಮಾಡಿದಳು.

ಭವಾನಿಪುರಂನ ಮನೆಯಲ್ಲಿ ಅವಳಿಗೆ ಸಿಕ್ಕ ಮರ್ಯಾದೆ ನೋಡಬೇಕಿತ್ತು. ಕಾಲಿಗೆ ನೀರು, ಬೆಳ್ಳಿ ಲೋಟದಲ್ಲಿ ಕಾಫಿ, ಬಿಸಿ ಬಿಸಿ ಪೆಸರಟ್ಟು. ಲಕ್ಷ್ಮೀಕಾಂತಮ್ಮನವರು ಅರವತ್ತು ದಾಟಿದ ಎತ್ತರದ ಹೆಂಗಸು, ಮಾತಿಗೊಂದು 'ಅಂಡಿ' ಸೇರಿಸುತ್ತ, ಇನ್ನೊಂದು ಹಾಕಿಸಿಕೊಳ್ಳಿ ಎನ್ನುತ್ತ, ಒಂದು ಸಲವೂ ಇವಳ ಕಣ್ಣು ನೋಡಲಿಲ್ಲ. ಇದಕ್ಕಿಂತ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ವಿಜಯಲಕ್ಷ್ಮೀ ಬಾಯಿಪಾಠ ಒಪ್ಪಿಸಲು ಹೋದಳು. ಅರ್ಧಕ್ಕೆ ಮರೆತುಹೋಯಿತು. "ಚುಕ್ಕಲು ಅಂಟೇ... ನಿಜಂ ಚುಕ್ಕಲು" ಎಂದು ಬೆರಳು ಮೇಲೆ ತೋರಿಸಿದಳು. ಮೇಲೆ ಫ್ಯಾನು ತಿರುಗುತ್ತಿತ್ತು.

"ಅರ್ಥಮಯಿಂದಿ," ಎಂದರು ಬೀಗಿತ್ತಿ. ಅರ್ಥವಾಯಿತು ಎಂಬ ಆ ಮಾತಿನಲ್ಲಿ ಒಂದು ಕಾಳಿನಷ್ಟೂ ನಂಬಿಕೆ ಇರಲಿಲ್ಲ.

ಆಗ ಬಾಯಿ ತೆರೆದವನು ಬಾಬ್ಜಿ. ಇಲ್ಲೇ ನದಿಯ ಕಡೆ ಒಂದು ವಿಜ್ಞಾನ ಸಂಘದವರ ಮಹಡಿಯ ಮೇಲೆ ದೂರದರ್ಶಕವಿದೆ, ಎರಡನೇ ಶನಿವಾರ ಸಂಜೆ ಎಲ್ಲರಿಗೂ ತೆರೆದಿರುತ್ತದೆ, ಇವತ್ತು ಶನಿಯನ್ನು ತೋರಿಸುತ್ತಾರಂತೆ ಎಂದ. "ಅಮ್ಮಾ, ಅತ್ತಯ್ಯಗಾರು ನಿಜ ಹೇಳ್ತಿದ್ದಾರೋ ಸುಳ್ಳು ಹೇಳ್ತಿದ್ದಾರೋ ಹೋಗಿ ನೋಡಿಬಿಡಿ."

"ಶನಿವಾರ ದಿನ, ದೀಪ ಹಚ್ಚೋ ಹೊತ್ತಿಗೆ, ಶನಿಯ ಮುಖ ನೋಡೋದಾ?" ಎಂದರು ಅವರು. ಆದರೆ ಮಗನ ಮಾತನ್ನು ತೆಗೆದುಹಾಕಲೂ ಇಲ್ಲ. ಮೊದಲು ಗುಡಿಗೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿ ಬಂದರು. ಬಸುರಿ ಮುಸ್ಸಂಜೆಯಲ್ಲಿ ಹೊರಬೀಳಬಾರದೆಂದು ಹರಿಣಿಯನ್ನು ಮನೆಯಲ್ಲೇ ಬಿಟ್ಟರು. ಬಾಬ್ಜಿ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಆ ಕಟ್ಟಡದ ಮುಂದೆ ಇಳಿಸಿ, ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದವನು ಮತ್ತೆ ಬರಲೇ ಇಲ್ಲ. ಜಾಣ.

ಕಾರಿನಲ್ಲಿ ವಿಜಯಲಕ್ಷ್ಮೀ ತನಗೆ ಬರುವ ತೆಲುಗನ್ನೆಲ್ಲ ಸುರಿದು ಶನಿಯ ಉಂಗುರವನ್ನು ವರ್ಣಿಸಿದ್ದಳು. ಇದೊಂದನ್ನು ನೋಡಿದರೆ ಸಾಕು, ತಾನು ಯಾವ ಚುಕ್ಕಿಯ ಮಾತಾಡಿದೆ ಎಂಬುದು ಅವರಿಗೇ ತಿಳಿಯುತ್ತದೆ, ಮಗಳು ಮನೆಗೆ ಬರುತ್ತಾಳೆ. ಇಷ್ಟು ಅವಳ ಲೆಕ್ಕಾಚಾರ. ಮಹಡಿಯ ಮೇಲೆ ಸಣ್ಣದೊಂದು ಗುಮ್ಮಟ, ಮೂವತ್ತು ಜನರ ಸಾಲು. ತೋರಿಸುತ್ತಿದ್ದವಳು ಸಾಯಿಪ್ರಿಯಾ ಎಂಬ ಕಾಲೇಜು ಹುಡುಗಿ. ಲಕ್ಷ್ಮೀಕಾಂತಮ್ಮನವರು ಮೊದಲು ಚಪ್ಪಲಿ ಬಿಟ್ಟು, ಕೈ ಮುಗಿದು, ಆಮೇಲೆ ಬಗ್ಗಿ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು.

"ಉಂಗರಂ ಏದಿ?" ಎಂದರು. ಉಂಗುರ ಎಲ್ಲಿ?

ವಿಜಯಲಕ್ಷ್ಮೀ ಬಗ್ಗಿ ನೋಡಿದಳು. ತಾನು ಎರಡು ವರ್ಷದ ಹಿಂದೆ ಕಂಡಿದ್ದ ಆ ಅಗಲವಾದ ಉಂಗುರ ಇರಲೇ ಇಲ್ಲ. ಹಳದಿ ಮಣಿಯೊಂದು, ಅದರ ನಡುವೆ ಹಾದುಹೋದ ಕೂದಲೆಳೆಯಂಥ ಗೆರೆ, ಅಷ್ಟೇ. ಸಾಯಿಪ್ರಿಯಾ ವಿವರಿಸಿದಳು: ಉಂಗುರ ಇದೆ, ಎಲ್ಲಿಯೂ ಹೋಗಿಲ್ಲ, ಈ ವರ್ಷ ಅದರ ಅಂಚು ಮಾತ್ರ ನಮ್ಮ ಕಡೆ ತಿರುಗಿದೆ, ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತದೆ. ಹದಿನೈದು ವರ್ಷಕ್ಕೊಮ್ಮೆ ಆಗುವುದು ಇವತ್ತೇ ಆಗಬೇಕೆ? ಈಗ ಸುಳ್ಳುಗಾರ್ತಿ ಎಂಬ ಹೆಸರೂ ಬಂತು ಎಂದು ಅವಳು ಮೂಲೆಗೆ ಸರಿದು ನಿಂತಳು.

ಆದರೆ ಲಕ್ಷ್ಮೀಕಾಂತಮ್ಮನವರು ಮತ್ತೆ ಬಗ್ಗಿದ್ದರು. "ಇಷ್ಟೇ ಇಷ್ಟು ಇದ್ದಾನಲ್ಲ," ಎಂದರು. "ನಲವತ್ತು ವರ್ಷದಿಂದ ಎಷ್ಟು ಡಬ್ಬ ಎಳ್ಳೆಣ್ಣೆ ಕುಡಿದಿದ್ದಾನೆ ನನ್ನ ಕೈಯಿಂದ. ಈ ಪುಟ್ಟ ಮಣಿಯೇನಾ ನಮ್ಮನ್ನೆಲ್ಲ ಓಡಾಡಿಸಿದ್ದು?" ಎಂದು, ಬೆಳಗಿನಿಂದ ಮೊದಲ ಸಲ, ನಕ್ಕರು. ಚೆಂದವಾಗಿದ್ದಾನೆ ಎಂದೂ ಸೇರಿಸಿದರು.

ಗುಮ್ಮಟದಿಂದ ಬಯಲು ಮಹಡಿಗೆ ಬಂದರು. ಡಿಸೆಂಬರಿನ ತಂಪು, ಚಂದ್ರನಿಲ್ಲದ ಸಂಜೆ. ನದಿಯ ಕಡೆ ದೀಪಗಳು ಕಡಿಮೆ. ಲಕ್ಷ್ಮೀಕಾಂತಮ್ಮನವರು ಥಟ್ಟನೆ ನಿಂತು "ಅದಿಗೋ, ಪಿಲ್ಲಲ ಕೋಡಿ" ಎಂದರು. ಕೋಡಿ ಎಂದರೆ ಕೋಳಿ, ಅಷ್ಟು ವಿಜಯಲಕ್ಷ್ಮೀಗೆ ಗೊತ್ತಿತ್ತು. ಮರಿಗಳ ಜೊತೆಗಿನ ಕೋಳಿ. ಮಹಡಿಯ ಮೇಲೆ ಕೋಳಿ ಎಲ್ಲಿಂದ ಬಂತೆಂದು ಗಾಬರಿಯಾಗಿ ಸೀರೆ ಎತ್ತಿ ಹಿಡಿದು ಕಾಲ ಬುಡ ನೋಡಿದಳು.

ಬೀಗಿತ್ತಿ ಅವಳ ಗದ್ದ ಹಿಡಿದು ಮುಖವನ್ನು ಮೇಲಕ್ಕೆತ್ತಿದರು. ಪೂರ್ವದ ಕಡೆ, ಒತ್ತೊತ್ತಾಗಿ ಕೂತ ಸಣ್ಣ ಚುಕ್ಕಿಗಳ ಗುಂಪು. ಉಮಾಪತಿಯವರು ಇದನ್ನೇ ಕೃತ್ತಿಕೆ ಎಂದು ಹೇಳಿಕೊಟ್ಟಿದ್ದರು. ಸಾಯಿಪ್ರಿಯಾಗೆ ಆ ತೆಲುಗು ಹೆಸರು ಗೊತ್ತೇ ಇರಲಿಲ್ಲ. ದೊಡ್ಡ ದೂರದರ್ಶಕದಲ್ಲಿ ಆ ಗುಂಪು ಪೂರ್ತಿ ಹಿಡಿಸುವುದಿಲ್ಲ, ಇದರಲ್ಲಿ ನೋಡಿ ಎಂದು ಬೈನಾಕ್ಯುಲರ್ ತಂದುಕೊಟ್ಟಳು. ಲಕ್ಷ್ಮೀಕಾಂತಮ್ಮನವರು ಅದನ್ನು ಕಣ್ಣಿಗಿಟ್ಟು ನಿಂತವರು ನಿಂತೇ ಇದ್ದರು. "ಆರೇ ಮರಿ ಅಂದುಕೊಂಡಿದ್ದೆ ಇಷ್ಟು ವರ್ಷ," ಎಂದರು. "ಲೆಕ್ಕಕ್ಕೇ ಸಿಗುತ್ತಿಲ್ಲ."

ಆಮೇಲೆ ಅವರ ಬಾಯಿ ಬಿಚ್ಚಿತು. ಆಗತಾನೆ ಮೇಲೇರುತ್ತಿದ್ದ, ಸಾಲಾಗಿ ನಿಂತ ಮೂರು ಚುಕ್ಕಿ ತೋರಿಸಿ, ಅದು ಗೊಲ್ಲ ಕಾವಡಿ, ಹಾಲಿನ ಗಡಿಗೆ ಹೊತ್ತವನು ಎಂದರು. ಅದು ಇಷ್ಟು ಮೇಲೆ ಬಂದರೆ ಈಗ ಏಳೂವರೆ ಎಂದರು. ವಿಜಯಲಕ್ಷ್ಮೀ ಫೋನು ತೆಗೆದು ನೋಡಿದಳು, ಏಳು ಮೂವತ್ತೈದು. ಸಾಲಿನಲ್ಲಿದ್ದ ಮಕ್ಕಳು ಒಬ್ಬೊಬ್ಬರೇ ಬಂದು ಅವರನ್ನು ಮುತ್ತಿದರು, ಸಾಯಿಪ್ರಿಯಾ ಸ್ವತಃ ಚುಕ್ಕಿಗಳ ಹೆಸರು ಬರೆದುಕೊಳ್ಳತೊಡಗಿದಳು. ಲಕ್ಷ್ಮೀಕಾಂತಮ್ಮನವರು ನದಿ ಸಮುದ್ರ ಸೇರುವ ಕಡೆಯ ದಿವಿಸೀಮೆಯ ಹಳ್ಳಿಯಲ್ಲಿ ಹುಟ್ಟಿದವರು, ಗಡಿಯಾರವಿಲ್ಲದ ಮನೆಯಲ್ಲಿ ಗದ್ದೆಗೆ ನೀರು ಬಿಡುವ ಹೊತ್ತನ್ನು ಚುಕ್ಕಿ ನೋಡಿ ಹೇಳುತ್ತಿದ್ದವರು. ವಿಜಯಲಕ್ಷ್ಮೀ ಬೆರಗಾಗಿ ನಿಂತಳು. ತಾನು ಎರಡು ಬಸ್ಸು ಬದಲಿಸಿ ಹೋಗಿ ಕಲಿತದ್ದು ಈ ಹೆಂಗಸಿಗೆ ಅಂಗಳದಲ್ಲಿ ಮಲಗಿ ಬಂದಿತ್ತು. ಇಂಥವರಿಗೆ ನಾನು ಚುಕ್ಕಿ ತೋರಿಸಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವರ ಮೇಲೆ ಪ್ರೀತಿ ಬಂತು. ಅದನ್ನು ಹಾಗೆಯೇ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, ಹೇಳಿಯೂ ಬಿಟ್ಟಳು.

ಮಕ್ಕಳು ಚದುರಿದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತರು. ಲಕ್ಷ್ಮೀಕಾಂತಮ್ಮನವರು ಸೆರಗು ಹೊದ್ದುಕೊಂಡರು.

"ಬಾಬ್ಜಿ ಹೊಟ್ಟೆಯಲ್ಲಿದ್ದಾಗ ತವರಿಗೆ ಹೋಗಿದ್ದೆ," ಎಂದರು. "ದಿನಾ ಸಂಜೆ ನಮ್ಮಮ್ಮ ಅಂಗಳದಲ್ಲಿ ಮಂಚ ಹಾಕಿ, ನನ್ನನ್ನ ಮಲಗಿಸಿ, ತಲೆ ಸವರುತ್ತಾ ಆ ಕೋಳಿ ತೋರಿಸ್ತಿದ್ದಳು. ಅಷ್ಟು ಸುಖ ಮತ್ತೆ ಪಡಲಿಲ್ಲ ನಾನು. ಅದು ಗೊತ್ತಿದ್ದೂ ನಿಮ್ಮ ಮಗಳನ್ನ ಹಿಡಿದಿಟ್ಟುಕೊಂಡೆ. ನಿಮ್ಮ ಮಾತಿಗೆ ಆ ದಿನ ಕೋಪ ಬಂದದ್ದು ನಿಜ. ಮಾರನೇ ದಿನ ಬಾಬ್ಜಿ, ಹರಿಣಿ ವಿಷಯ ಹೇಳಿದಾಗ ನಗು ಬಂತು. ಆದರೂ ಕೋಪ ಬಿಡಲಿಲ್ಲ. ಮಗು ನಮ್ಮ ಮನೆಯಲ್ಲೇ ಹುಟ್ಟಲಿ ಅಂತ ಆಸೆ, ಆ ಆಸೆಗೆ ಒಂದು ನೆಪ ಬೇಕಿತ್ತು. ತಪ್ಪು ನಂದು ವದಿನಗಾರೂ. ಕರಕೊಂಡು ಹೋಗಿ."

ಇದನ್ನು ಕೇಳಲೆಂದೇ ಅವಳು ಅಷ್ಟು ದೂರ ಬಂದದ್ದು. ಆದರೆ ಕೇಳಿದ ಕ್ಷಣ ವಿಜಯಲಕ್ಷ್ಮೀಗೆ ಹಿಗ್ಗು ಬರಲಿಲ್ಲ, ಹೆದರಿಕೆಯಾಯಿತು. ಯಾರಿಗೂ ಹೇಳದೆ, ತನಗೂ ಹೇಳಿಕೊಳ್ಳದೆ ಇಟ್ಟುಕೊಂಡಿದ್ದದ್ದು ಕಟ್ಟೆಯೊಡೆದು ಬಂತು. ತೆಲುಗು ಕೈಕೊಟ್ಟಿತು, ಕನ್ನಡದಲ್ಲೇ ಹೇಳಿದಳು.

"ನನಗ ಬಾಣಂತನ ಮಾಡಾಕ ಬರಂಗಿಲ್ರೀ. ಹರಿಣಿ ಹುಟ್ಟಿದಾಗ ನಮ್ಮವ್ವ ಇರಲಿಲ್ಲ, ತೀರಿಕೊಂಡು ನಾಕು ವರ್ಷ ಆಗಿತ್ತು. ಬಾಜೂ ಮನಿಯಾಕಿ ಹನ್ನೆರಡು ದಿನ ಕೂಸಿಗೆ ಎರದು ಹ್ವಾದ್ಲು. ಹದಿಮೂರನೇ ದಿನ ನಾನಽ ಕಾಲ ಮ್ಯಾಲೆ ಹಾಕ್ಕೊಂಡೆ. ಕೂಸು ಎಲ್ಲಿ ಜಾರಿ ಬೀಳತೈತೋ ಅಂತ ನಾನೂ ಅತ್ತೆ, ಅದೂ ಅತ್ತಿತು. ನನಗ ತವರಂಬೂದು ಸಿಗಲಿಲ್ಲ, ಮಗಳಿಗಾದ್ರೂ ಕೊಡಬೇಕಂತ ಹಟ ಹಿಡದೆ. ಆದ್ರ ಕೊಡೂದು ಹ್ಯಾಂಗಂತ ನನಗ ಗೊತ್ತಿಲ್ಲ. ನೀವೂ ಬರ್ರಿ. ಆಕಿ ಜೋಡಿ ನೀವೂ ನಮ್ಮನಿಗೆ ಬರ್ರಿ."

ಎಷ್ಟು ಅರ್ಥವಾಯಿತೋ, ಲಕ್ಷ್ಮೀಕಾಂತಮ್ಮನವರು ಮತ್ತೆ ಆ ಕೋಳಿ ಮರಿಗಳ ಕಡೆ ಮುಖ ಎತ್ತಿದರು. ಗಂಡಿನ ತಾಯಿ ಸೊಸೆಯ ತವರಿಗೆ ಹೋಗಿ ಬಾಣಂತನಕ್ಕೆ ಕೂರುವುದು ಅವರ ಕಡೆಯೂ ಇಲ್ಲ, ಇವಳ ಕಡೆಯೂ ಇಲ್ಲ. ನಾದಿನಿಯರು ಏನೆಂದಾರು, ಓರಗಿತ್ತಿಯರು ಎಷ್ಟು ಆಡಿಕೊಂಡಾರು. ಕೇಳಬಾರದ್ದನ್ನು ಕೇಳಿದೆನೆಂದು ವಿಜಯಲಕ್ಷ್ಮೀ ತಲೆ ತಗ್ಗಿಸಿ ಕೂತಳು.

"ಮೀ ಇಂಟ್ಲೋ ಕಾಗು ಉಂದಾ?" ಎಂದರು ಅವರು.

ನಿಮ್ಮ ಮನೆಯಲ್ಲಿ ಏನೋ ಇದೆಯೇ ಎಂದು ಕೇಳುತ್ತಿದ್ದಾರೆ, ಅಷ್ಟು ತಿಳಿಯಿತು, ಆದರೆ 'ಕಾಗು' ಎಂಬ ಶಬ್ದ ಕೌಂಟರ್ ತೆಲುಗಿನಲ್ಲಿ ಇರಲಿಲ್ಲ. ವಿಜಯಲಕ್ಷ್ಮೀ ಪಿಳಿಪಿಳಿ ನೋಡಿದಳು. ಅವರು ಎರಡೂ ತೋಳು ಅಗಲಿಸಿ, ದೊಡ್ಡದೊಂದು ಹಂಡೆಯನ್ನು ತಬ್ಬಿದ ಹಾಗೆ ತೋರಿಸಿದರು. ನೀರು ಕಾಯಿಸುವುದಕ್ಕೆ. ಬಾಣಂತಿಗೆ, ಕೂಸಿಗೆ. ಗೀಸರಿನ ನೀರು ಯಾತಕ್ಕೂ ಬಾರದು.

"ಇಲ್ಲ," ಎಂದಳು ವಿಜಯಲಕ್ಷ್ಮೀ.

"ಸರಿ ಹಾಗಾದರೆ," ಎಂದು ಲಕ್ಷ್ಮೀಕಾಂತಮ್ಮನವರು ಮೊಣಕಾಲು ಹಿಡಿದುಕೊಂಡು ಎದ್ದರು. "ನಂದೇ ತರ್ತೀನಿ."